ಡೆಂಗಿ ಸುದ್ದಿಯಲ್ಲಿ ‘ಬಿಳಿ ರಕ್ತಕಣ’ ಎಂಬ ತಪ್ಪು

ಮಾನ್ಯ ಸಂಪಾದಕರೇ,

ಮಳೆ ಹಿಡಿದು ಡೆಂಗಿ ತಲೆ ಎತ್ತಿದ ಕೂಡಲೇ ಕನ್ನಡ ಪತ್ರಿಕೆಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ರೋಗಿಯ ಬಿಳಿ ರಕ್ತಕಣಗಳ ಸಂಖ್ಯೆ 40 ಸಾವಿರಕ್ಕೆ ಕುಸಿದಿತ್ತು.’ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ರಕ್ತಕಣ ಇರಬೇಕಾದ್ದೇ 4 ಸಾವಿರದಿಂದ 11 ಸಾವಿರ. ಅದು 40 ಸಾವಿರಕ್ಕೆ ‘ಕುಸಿಯುವುದು’ ಹೇಗೆ? 40 ಸಾವಿರ ಬಂದರೆ ವಿಪರೀತ ಏರಿದೆ ಎಂದರ್ಥ, ಆಗ ಹುಡುಕಬೇಕಾದ ಕಾಯಿಲೆಯೇ ಬೇರೆ. ವರದಿಗಾರರು ಹೇಳಹೊರಟದ್ದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬಗ್ಗೆ. ಡೆಂಗಿಯಲ್ಲಿ ಬಿಳಿ ರಕ್ತಕಣವೂ ಇಳಿಯುತ್ತದೆ, ಪ್ಲೇಟ್‌ಲೆಟ್‌ಗಿಂತ ಮೊದಲೇ ಇಳಿಯುತ್ತದೆ. ಗೊಂದಲ ಅಲ್ಲಿಂದ ಹುಟ್ಟಿರಬೇಕು.

ಹೆಸರು ತಪ್ಪಿದರೇನು, ವಿಷಯ ತಿಳಿಯಿತಲ್ಲ ಎನ್ನಬಹುದು. ಆದರೆ ಬಿಳಿ ರಕ್ತಕಣ ಸೋಂಕಿನ ಜೊತೆ ಹೋರಾಡುತ್ತದೆ ಎಂದು ಶಾಲೆಯಲ್ಲಿ ಓದಿದವರು ಈ ಸುದ್ದಿ ನೋಡಿ, ಸಂಖ್ಯೆ ಇಳಿದರೆ ರೋಗಿ ಸೋತ, ಏರಿದರೆ ಗೆದ್ದ ಎಂದು ಲೆಕ್ಕ ಹಾಕುತ್ತಾರೆ. ಮನೆಯವರು ದಿನಕ್ಕೆರಡು ಸಲ ಎಣಿಕೆ ಮಾಡಿಸುತ್ತಾರೆ. 22 ಸಾವಿರ 18 ಸಾವಿರವಾದರೆ ರಾತ್ರೋರಾತ್ರಿ ರಕ್ತನಿಧಿಗೆ ಓಡುತ್ತಾರೆ. ಪ್ಲೇಟ್‌ಲೆಟ್ ಎಷ್ಟಿದೆ ಎನ್ನುವುದರಷ್ಟೇ ಅದು ಏನು ಮಾಡುತ್ತಿದೆ, ಯಾರ ಮಾತು ಕೇಳುತ್ತಿದೆ ಎನ್ನುವುದೂ ಮುಖ್ಯ. ಆ ಭಾಗ ಸುದ್ದಿಯಲ್ಲಿ ಬರುವುದೇ ಇಲ್ಲವಾದ್ದರಿಂದ ಈ ಪತ್ರ. ಉದ್ದವಾಗಿದೆ. ಕತ್ತರಿಸಬೇಕೆನಿಸಿದರೆ ಜೀವರಸಾಯನದ ಭಾಗ ಕತ್ತರಿಸಿ, ಡೆಂಗಿಯ ಭಾಗ ಉಳಿಸಿಕೊಳ್ಳಿ.

ಪ್ಲೇಟ್‌ಲೆಟ್ ಒಂದು ಇಡೀ ಜೀವಕೋಶವಲ್ಲ, ಜೀವಕೋಶದ ಚೂರು. ಮೂಳೆಯ ಮಜ್ಜೆಯಲ್ಲಿ ಮೆಗಾಕಾರಿಯೊಸೈಟ್ ಎಂಬ ದೈತ್ಯ ಕೋಶಗಳಿವೆ. ಅವು ತಮ್ಮ ಮೈಯನ್ನು ಶಾವಿಗೆ ಎಳೆಯಂತೆ ರಕ್ತನಾಳದೊಳಕ್ಕೆ ಚಾಚುತ್ತವೆ. ಹರಿಯುವ ರಕ್ತ ಆ ಎಳೆಗಳನ್ನು ತುಂಡರಿಸುತ್ತದೆ. ಒಂದೊಂದು ತುಂಡಿನ ಅಗಲ 2ರಿಂದ 3 ಮೈಕ್ರಾನ್, ಅಂದರೆ ಕೆಂಪು ರಕ್ತಕಣದ ಅರ್ಧಕ್ಕಿಂತ ಕಡಿಮೆ. ದೊಡ್ಡವರ ದೇಹ ದಿನವೂ ಸುಮಾರು ಹತ್ತು ಸಾವಿರ ಕೋಟಿ ಪ್ಲೇಟ್‌ಲೆಟ್ ತಯಾರಿಸುತ್ತದೆ. ಒಂದೊಂದರ ಆಯುಸ್ಸು 7ರಿಂದ 10 ದಿನ. ಯಾವ ಹೊತ್ತಿನಲ್ಲೂ ಮೂರರಲ್ಲೊಂದು ಪಾಲು ಗುಲ್ಮದಲ್ಲಿ ತಂಗಿರುತ್ತದೆ, ಉಳಿದದ್ದು ರಕ್ತದಲ್ಲಿ ಸುತ್ತುತ್ತದೆ. ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇದ್ದರೆ ಸರಿ. ಅದರೊಳಗೆ ಕೋಶಕೇಂದ್ರ ಇಲ್ಲ. ಈ ಒಂದು ಕೊರತೆಯನ್ನು ನೆನಪಿಟ್ಟುಕೊಳ್ಳಿ, ಆಸ್ಪಿರಿನ್ ಗುಳಿಗೆಯ ಇಡೀ ಕಥೆ ಅದರ ಮೇಲೆ ನಿಂತಿದೆ.

ನಮ್ಮ ಭಾಷೆಯಲ್ಲಿ ರಕ್ತವೂ ‘ಹೆಪ್ಪುಗಟ್ಟುತ್ತದೆ’, ಹಾಲಿಗೂ ‘ಹೆಪ್ಪು ಹಾಕುತ್ತೇವೆ’. ಹೋಲಿಕೆ ಅರ್ಧ ನಿಜ. ಒಂದು ಚಮಚ ಹೆಪ್ಪು ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡುವಂತೆ, ಕೆಲವೇ ಪ್ಲೇಟ್‌ಲೆಟ್‌ಗಳು ಸಾವಿರಾರನ್ನು ಕರೆದು ಕೂಡಿಸಿಕೊಳ್ಳುತ್ತವೆ. ಆದರೆ ರಕ್ತದಲ್ಲಿ ಇಡೀ ಪಾತ್ರೆ ಮೊಸರಾಗಬಾರದು. ಗಾಯದ ಬಾಯಲ್ಲಿ ಮಾತ್ರ ಗಟ್ಟಿಯಾಗಬೇಕು, ಒಂದು ಅಂಗುಲ ಆಚೆ ನೀರಿನಂತೆ ಹರಿಯಬೇಕು. ಈ ಬಿಗಿ ಲೆಕ್ಕವನ್ನು ಕಾಯುವುದು ಸಂಕೇತಗಳು.

ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡಿರಿ ಎನ್ನಿ. ಅದಕ್ಕೆ ಒಂದು ಕ್ಷಣ ಮುಂಚೆ ಬೆರಳಿನ ರಕ್ತನಾಳದ ಒಳಪದರ ಪ್ಲೇಟ್‌ಲೆಟ್‌ಗಳಿಗೆ ‘ಸುಮ್ಮನಿರಿ’ ಎಂದು ಎಡೆಬಿಡದೆ ಹೇಳುತ್ತಿತ್ತು. ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಸೈಕ್ಲಿನ್ ಎಂಬ ಎರಡು ವಸ್ತುಗಳನ್ನು ಸೂಸುತ್ತಿತ್ತು. ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ಎಡಿಪಿ ಎಂಬ ರಾಸಾಯನಿಕ ಎಲ್ಲಾದರೂ ಕಂಡರೆ ಅದನ್ನು ತಿಂದುಹಾಕುವ ಒಂದು ಕಿಣ್ವವನ್ನೂ ಮೈಮೇಲೆ ಇಟ್ಟುಕೊಂಡಿತ್ತು. ಕುಯ್ದ ಕೂಡಲೇ ಆ ಪದರ ಹರಿಯಿತು. ಕೆಳಗಿದ್ದ ಕೊಲ್ಲಾಜನ್ ನಾರು ರಕ್ತಕ್ಕೆ ತಾಗಿತು. ಸಂಕೇತ ಅಲ್ಲಿಂದ ಶುರು.

ಮೊದಲ ಸಮಸ್ಯೆ ವೇಗದ್ದು. ಚಿಕ್ಕ ರಕ್ತನಾಳದಲ್ಲಿ ರಕ್ತ ರಭಸವಾಗಿ ಹೋಗುತ್ತಿರುತ್ತದೆ, ಹಾಯುವ ಪ್ಲೇಟ್‌ಲೆಟ್ ನಿಲ್ಲಬೇಕಾದರೆ ಹಿಡಿಯುವ ಕೈ ಬೇಕು. ಆ ಕೈ ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಪ್ರೋಟೀನ್. ರಕ್ತದಲ್ಲಿ ಅದು ದಾರದುಂಡೆಯಂತೆ ಸುತ್ತಿಕೊಂಡು ಸುಮ್ಮನೆ ತೇಲುತ್ತಿರುತ್ತದೆ. ಕೊಲ್ಲಾಜನ್‌ಗೆ ಅಂಟಿಕೊಂಡ ಮೇಲೆ ಹರಿವಿನ ಎಳೆತಕ್ಕೆ ಉಂಡೆ ಬಿಚ್ಚಿ ಉದ್ದ ದಾರವಾಗುತ್ತದೆ. ಆ ದಾರವನ್ನು ಪ್ಲೇಟ್‌ಲೆಟ್ ತನ್ನ ‘ಜಿಪಿ 1ಬಿ’ ಎಂಬ ಕೊಂಡಿಯಿಂದ ಹಿಡಿಯುತ್ತದೆ. ಹಿಡಿತ ಸಡಿಲ: ಹಿಡಿದು, ಬಿಟ್ಟು, ಮತ್ತೆ ಹಿಡಿದು ಉರುಳುತ್ತಾ ನಿಧಾನವಾಗುತ್ತದೆ. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಓಲಾಂಡ್ ದ್ವೀಪದ ಒಂದು ಕುಟುಂಬದ ರಕ್ತಸ್ರಾವದ ಬಗ್ಗೆ ಬರೆದದ್ದು ಈ ದಾರದ ಕೊರತೆಯನ್ನೇ. ಆ ಮನೆಯವರ ಪ್ಲೇಟ್‌ಲೆಟ್ ಸಂಖ್ಯೆಯಲ್ಲಿ ಹೇಳಿಕೊಳ್ಳುವ ಕೊರತೆ ಇರಲಿಲ್ಲ.

ನಿಧಾನವಾದ ಪ್ಲೇಟ್‌ಲೆಟ್‌ಗೆ ಈಗ ಕೊಲ್ಲಾಜನ್ ನೇರವಾಗಿ ತಾಗುತ್ತದೆ. ‘ಜಿಪಿ 6’ ಎಂಬ ಇನ್ನೊಂದು ಗ್ರಾಹಕ (ಸಂಕೇತ ಹಿಡಿಯುವ ಅಣು) ಅದನ್ನು ಗುರುತಿಸಿ ಸುದ್ದಿಯನ್ನು ಒಳಗೆ ಕಳಿಸುತ್ತದೆ. ಒಳಗೆ ಒಂದು ಕಿಣ್ವ ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ, ಕೊನೆಗೆ ಪ್ಲೇಟ್‌ಲೆಟ್ ತನ್ನ ಉಗ್ರಾಣದಲ್ಲಿ ಬಚ್ಚಿಟ್ಟ ಕ್ಯಾಲ್ಸಿಯಂ ಬಿಚ್ಚಿಕೊಳ್ಳುತ್ತದೆ. ಸುಮ್ಮನಿದ್ದಾಗ ಒಳಗಿನ ದ್ರವದಲ್ಲಿ ಕ್ಯಾಲ್ಸಿಯಂ 100 ನ್ಯಾನೊಮೋಲಾರ್ ಆಸುಪಾಸು. ಈಗ ಅದು ಹತ್ತು ಪಟ್ಟಿಗೂ ಮೇಲೆ ಹಾರುತ್ತದೆ. ಮುಂದಿನ ಎಲ್ಲ ಕೆಲಸಕ್ಕೂ ಈ ಏರಿಕೆಯೇ ಕೀಲಿಕೈ.

ಕೆಲವು ಸೆಕೆಂಡುಗಳಲ್ಲಿ ಬಿಲ್ಲೆಯಂತಿದ್ದ ಪ್ಲೇಟ್‌ಲೆಟ್ ಉಬ್ಬಿ, ನೆಗ್ಗಿಲು ಮುಳ್ಳಿನ ಹಾಗೆ ಸುತ್ತಲೂ ಮೊನೆ ಚಾಚುತ್ತದೆ. ಆಮೇಲೆ ಗಾಯದ ಮೇಲೆ ದೋಸೆ ಹುಯ್ದಂತೆ ಹರಡುತ್ತದೆ. ಅದೇ ಹೊತ್ತಿಗೆ ಒಳಗಿನ ಚೀಲಗಳನ್ನು ಹೊರಗೆ ಸುರಿಯುತ್ತದೆ. ಚೀಲದಲ್ಲಿ ಎರಡು ಬಗೆ. ಆಲ್ಫಾ ಕಣಗಳು ಒಂದು ಪ್ಲೇಟ್‌ಲೆಟ್‌ನಲ್ಲಿ 50ರಿಂದ 80 ಇರುತ್ತವೆ. ಅವುಗಳಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್, ವಾನ್ ವಿಲ್ಲೆಬ್ರಾಂಡ್ ಅಂಶ, ಗಾಯ ಮಾಯಿಸುವ ಬೆಳವಣಿಗೆಯ ಅಂಶಗಳು. ದಟ್ಟ ಕಣಗಳು ಮೂರರಿಂದ ಎಂಟು ಮಾತ್ರ. ಅವುಗಳಲ್ಲಿ ಎಡಿಪಿ, ಸೆರೊಟೋನಿನ್, ಕ್ಯಾಲ್ಸಿಯಂ. ಎಡಿಪಿ ಎಂಬುದು ಊರಿಗೆಲ್ಲ ಡಂಗುರ ಸಾರುವ ಸಂಕೇತ. ಪಕ್ಕದಲ್ಲಿ ಹಾಯುವ ಪ್ಲೇಟ್‌ಲೆಟ್‌ಗಳ ಮೈಮೇಲಿನ ‘ಪಿ2ವೈ1’, ‘ಪಿ2ವೈ12’ ಎಂಬ ಗ್ರಾಹಕಗಳಿಗೆ ತಾಗಿ ಅವುಗಳನ್ನೂ ಎಬ್ಬಿಸುತ್ತದೆ. ಎರಡನೇ ಡಂಗುರ ಥ್ರಾಂಬಾಕ್ಸೇನ್. ಇದನ್ನು ಮೊದಲೇ ಮಾಡಿಟ್ಟುಕೊಂಡಿರುವುದಿಲ್ಲ. ಪ್ಲೇಟ್‌ಲೆಟ್ ತನ್ನ ಪೊರೆಯ ಕೊಬ್ಬಿನಿಂದ ಅಲ್ಲಿಂದಲ್ಲಿಗೆ, ಕಾಕ್ಸ್-1 ಕಿಣ್ವದ ನೆರವಿನಿಂದ ತಯಾರಿಸುತ್ತದೆ. ಅರ್ಧ ನಿಮಿಷದಲ್ಲಿ ಅದರ ಅರ್ಧ ಶಕ್ತಿ ಹೋಗಿರುತ್ತದೆ. ಹಾಗಾಗಿಯೇ ಕೂಗು ಗಾಯದ ಆಸುಪಾಸಿಗಷ್ಟೇ ಕೇಳಿಸುತ್ತದೆ.

ಎದ್ದ ಪ್ಲೇಟ್‌ಲೆಟ್ ಮೈಮೇಲೆ ಸುಮಾರು 80 ಸಾವಿರ ‘ಜಿಪಿ 2ಬಿ-3ಎ’ ಕೊಂಡಿಗಳಿವೆ. ಮಲಗಿದ್ದಾಗ ಇವು ಮಡಚಿಕೊಂಡಿರುತ್ತವೆ, ಒಳಗಿನಿಂದ ಸಂಕೇತ ಬಂದ ಮೇಲೆ ನೆಟ್ಟಗಾಗಿ ತೆರೆದುಕೊಳ್ಳುತ್ತವೆ. ಫೈಬ್ರಿನೋಜನ್ ಅಣುವಿಗೆ ಎರಡೂ ತುದಿಯಲ್ಲಿ ಹಿಡಿಯುವ ಜಾಗವಿದೆ: ಒಂದು ತುದಿ ಈ ಪ್ಲೇಟ್‌ಲೆಟ್‌ಗೆ, ಇನ್ನೊಂದು ಪಕ್ಕದ್ದಕ್ಕೆ. ಹೀಗೆ ಕೈ ಕೈ ಹಿಡಿದು ಬೆಣೆ ಬೀಳುತ್ತದೆ. ಈ ಕೊಂಡಿ ಹುಟ್ಟಿನಿಂದಲೇ ಇಲ್ಲದ ರೋಗವೊಂದಿದೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗ್ಲಾಂಜ್‌ಮನ್ 1918ರಲ್ಲಿ ಅದನ್ನು ವಿವರಿಸಿದರು. ತಂದೆ ತಾಯಿ ಇಬ್ಬರ ಕಡೆಯಿಂದಲೂ ದೋಷ ಬಂದರೆ ಮಾತ್ರ ಕಾಣಿಸುವುದರಿಂದ, ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಹೆಚ್ಚು. ಅಂಥ ಮಗುವಿನ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಎಂದೇ ಇರಬಹುದು, ಮೂಗಿನಿಂದ ಮಾತ್ರ ರಕ್ತ ನಿಲ್ಲದೆ ಸುರಿಯುತ್ತಿರುತ್ತದೆ. ತದ್ವಿರುದ್ಧವಾಗಿ, ಪ್ರತಿರೋಧ ಶಕ್ತಿಯೇ ಪ್ಲೇಟ್‌ಲೆಟ್ ನಾಶಮಾಡುವ ಐಟಿಪಿ ರೋಗದಲ್ಲಿ 10 ಸಾವಿರ ಇರುವ ಮಗು ಚರ್ಮದ ಮೇಲಿನ ಕೆಂಪು ಚುಕ್ಕೆ ಬಿಟ್ಟರೆ ಬೇರೇನೂ ಇಲ್ಲದೆ ಆಡಿಕೊಂಡಿರಬಹುದು. ಅದರ ಮಜ್ಜೆ ಕಳಿಸುವ ಎಳೆಯ ಪ್ಲೇಟ್‌ಲೆಟ್‌ಗಳು ಗಾತ್ರದಲ್ಲಿ ದೊಡ್ಡವು, ಕೆಲಸದಲ್ಲೂ ಚುರುಕು.

ಬೆಣೆಯಷ್ಟೇ ಸಾಲದು, ಗಾರೆ ಬೇಕು. ಜೋರಾಗಿ ಕೆರಳಿದ ಪ್ಲೇಟ್‌ಲೆಟ್ ತನ್ನ ಪೊರೆಯ ಒಳಮೈಯ ಕೊಬ್ಬನ್ನು ಹೊರಮೈಗೆ ತಿರುಗಿಸುತ್ತದೆ. ಅಂಗಿಯನ್ನು ಒಳಗು ಹೊರಗು ಮಾಡಿದಂತೆ. ಆ ಮೇಲ್ಮೈ ಮೇಲೆ ಹೆಪ್ಪುಗಟ್ಟಿಸುವ ಅಂಶಗಳು ಕುಳಿತು ಥ್ರಾಂಬಿನ್ ಎಂಬ ಕಿಣ್ವ ತಯಾರಿಸುತ್ತವೆ. ಥ್ರಾಂಬಿನ್ ಕರಗಿದ್ದ ಫೈಬ್ರಿನೋಜನನ್ನು ಫೈಬ್ರಿನ್ ಬಲೆಯಾಗಿಸುತ್ತದೆ, ಜೊತೆಗೆ ಸುತ್ತಲ ಪ್ಲೇಟ್‌ಲೆಟ್‌ಗಳನ್ನು ಇನ್ನಷ್ಟು ಕೆರಳಿಸುತ್ತದೆ. ಅದಕ್ಕಿಂತ ಜೋರಾದ ಸಂಕೇತ ಪ್ಲೇಟ್‌ಲೆಟ್‌ಗೆ ಇನ್ನೊಂದಿಲ್ಲ. ಹದಿಮೂರನೇ ಅಂಶ ಬಲೆಯ ಎಳೆಗಳಿಗೆ ಗಂಟು ಹಾಕುತ್ತದೆ. ಕೊನೆಗೆ ಒಳಗಿರುವ ಪ್ಲೇಟ್‌ಲೆಟ್‌ಗಳು ಸ್ನಾಯುವಿನಂತೆ ಕುಗ್ಗಿ ಗರಣೆಯನ್ನು (ಹೆಪ್ಪುಗಟ್ಟಿದ ರಕ್ತದ ಗಟ್ಟಿಯನ್ನು) ಬಿಗಿಯುತ್ತವೆ. ಗಾಜಿನ ನಳಿಕೆಯಲ್ಲಿ ರಕ್ತ ಬಿಟ್ಟು ಒಂದೆರಡು ಗಂಟೆ ಕಾದರೆ ಗರಣೆ ಗೋಡೆ ಬಿಟ್ಟು ಕುಗ್ಗಿ, ಸುತ್ತ ಹಳದಿ ದ್ರವ ಬಿಡುವುದನ್ನು ಯಾರೂ ನೋಡಬಹುದು. ಗ್ಲಾಂಜ್‌ಮನ್ ಗಮನಿಸಿದ್ದೂ ಅದನ್ನೇ: ಆ ಮಕ್ಕಳ ಗರಣೆ ಕುಗ್ಗುತ್ತಿರಲಿಲ್ಲ.

ಇಷ್ಟು ಗೊತ್ತಿದ್ದರೆ ಗಾಯವನ್ನು ಹೇಗೆ ಒತ್ತಬೇಕೆಂಬುದೂ ಗೊತ್ತಾಗುತ್ತದೆ. ಚೊಕ್ಕ ಬಟ್ಟೆಯಿಂದ ಹತ್ತು ನಿಮಿಷ ಗಡಿಯಾರ ನೋಡಿ ಒತ್ತಿಹಿಡಿಯಿರಿ. ನಿಮಿಷಕ್ಕೊಮ್ಮೆ ಎತ್ತಿ ‘ನಿಂತಿತೇ’ ಎಂದು ನೋಡಿದರೆ, ಗಾರೆ ಒಣಗುವ ಮುಂಚೆಯೇ ಬೆಣೆ ಕಿತ್ತಂತೆ. ಕಾಫಿ ಪುಡಿ, ಸುಣ್ಣ ಮೆತ್ತುವುದರಿಂದ ಗಾಯಕ್ಕೆ ಕೊಳೆ ಸೇರುತ್ತದೆಯೇ ಹೊರತು ಈ ಸರಪಳಿಗೆ ಯಾವ ಸಹಾಯವೂ ಇಲ್ಲ.

ಇನ್ನು ಎಣಿಕೆಯ ವಿಷಯ. ರಿಪೋರ್ಟ್‌ನಲ್ಲಿ ಅಚ್ಚಾದ ಸಂಖ್ಯೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ರಕ್ತವನ್ನು ನೇರಳೆ ಮುಚ್ಚಳದ ನಳಿಕೆಗೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಇಡಿಟಿಎ ಇದೆ. ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪುಗಟ್ಟದಂತೆ ತಡೆಯುವುದು ಅದರ ಕೆಲಸ. ಸಾವಿರಕ್ಕೆ ಒಬ್ಬರ ಆಸುಪಾಸಿನಲ್ಲಿ, ಇದೇ ಇಡಿಟಿಎಯಿಂದಾಗಿ ಪ್ಲೇಟ್‌ಲೆಟ್‌ಗಳು ನಳಿಕೆಯೊಳಗೆ ಗುಂಪುಗಟ್ಟುತ್ತವೆ. ಕ್ಯಾಲ್ಸಿಯಂ ಹೋದಾಗ ‘ಜಿಪಿ 2ಬಿ-3ಎ’ ಕೊಂಡಿಯ ಒಂದು ಮರೆಯ ಭಾಗ ಹೊರಬೀಳುತ್ತದೆ, ಅವರ ರಕ್ತದಲ್ಲಿರುವ ಪ್ರತಿಕಾಯ ಅದಕ್ಕೆ ಅಂಟುತ್ತದೆ. ಯಂತ್ರ ಗಾತ್ರ ನೋಡಿ ಎಣಿಸುವುದರಿಂದ ಹತ್ತಿಪ್ಪತ್ತರ ಗುಂಪನ್ನು ಪ್ಲೇಟ್‌ಲೆಟ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆರೋಗ್ಯವಾಗಿರುವ ಮನುಷ್ಯನಿಗೆ 30 ಸಾವಿರ ಎಂಬ ರಿಪೋರ್ಟ್ ಬರುತ್ತದೆ. ಸೂಜಿ ಚುಚ್ಚಿ ತಡಕಾಡಿ ನಿಧಾನವಾಗಿ ರಕ್ತ ಎಳೆದರೆ, ನಳಿಕೆಯನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡದೆ ಇಟ್ಟರೆ, ಮಗುವಿನ ಬೆರಳು ಹಿಂಡಿ ತೆಗೆದರೆ ಇದೇ ಎಡವಟ್ಟು ಬೇರೆ ದಾರಿಯಲ್ಲಿ ಆಗುತ್ತದೆ.

ಪರಿಹಾರ ಸುಲಭ, ಅಗ್ಗ. ಎಣಿಕೆ ಅನಿರೀಕ್ಷಿತವಾಗಿ ಕಡಿಮೆ ಬಂದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಲೇಪದ ಬಾಲದ ತುದಿಯಲ್ಲಿ ನೇರಳೆ ಪುಡಿಯ ಗುಪ್ಪೆಗಳು ಕಂಡರೆ ವಿಷಯ ಬಯಲಾದಂತೆ. ಗುಪ್ಪೆ ಇಲ್ಲದಿದ್ದರೆ ಎಣ್ಣೆ ಹಾಕಿ ನೋಡುವ ನೂರರ ಮಸೂರದಲ್ಲಿ ಹತ್ತು ಕ್ಷೇತ್ರ ಎಣಿಸಿ ಸರಾಸರಿ ತೆಗೆದು 15 ಸಾವಿರದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ: ಕ್ಷೇತ್ರಕ್ಕೆ ಹತ್ತು ಕಂಡರೆ ಒಂದೂವರೆ ಲಕ್ಷ. ಗುಂಪು ಕಂಡವರಿಗೆ ನೀಲಿ ಮುಚ್ಚಳದ ಸಿಟ್ರೇಟ್ ನಳಿಕೆಯಲ್ಲಿ ಮತ್ತೆ ರಕ್ತ ತೆಗೆಯಬೇಕು. ಅದರಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಇರುವುದರಿಂದ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ‘ಸ್ಮಿಯರ್ (ಗಾಜಿನ ಮೇಲಿನ ಲೇಪ) ನೋಡಿದ್ದೀರಾ?’ ಎಂದು ಲ್ಯಾಬಿನವರನ್ನು ಕೇಳಲು ರೋಗಿಯ ಕಡೆಯವರು ಸಂಕೋಚಪಡಬೇಕಿಲ್ಲ. ಇನ್ನೊಂದು ಮಾತು: ತೀರ ಕಡಿಮೆ ಎಣಿಕೆಯಲ್ಲಿ ಯಂತ್ರದ ತಪ್ಪಿನ ಪಾಲು ಹೆಚ್ಚು. 22 ಸಾವಿರ 18 ಸಾವಿರವಾದದ್ದು ಕುಸಿತವೇ ಆಗಿರಬೇಕೆಂದಿಲ್ಲ, ಅದೇ ನಳಿಕೆಯನ್ನು ಎರಡು ಸಲ ಓಡಿಸಿದರೂ ಅಷ್ಟು ಏರುಪೇರು ಬರಬಹುದು.

ಈಗ ಡೆಂಗಿ. ಜ್ವರ ಶುರುವಾದ ಮೂರನೇ ದಿನದಿಂದ ಏಳನೇ ದಿನದವರೆಗೆ ಪ್ಲೇಟ್‌ಲೆಟ್ ಇಳಿಯುತ್ತದೆ. ಮಜ್ಜೆಯ ಉತ್ಪಾದನೆ ತಗ್ಗುತ್ತದೆ, ವೈರಸ್ ಮತ್ತು ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳನ್ನು ಸುಮ್ಮಸುಮ್ಮನೆ ಕೆರಳಿಸಿ ವ್ಯಯ ಮಾಡುತ್ತವೆ. ಆಮೇಲೆ ತಾನಾಗಿಯೇ ಏರುತ್ತದೆ. ಆರನೇ ದಿನ ಪಪ್ಪಾಯಿ ಎಲೆಯ ರಸ ಕೊಟ್ಟರೂ, ಕಿವಿ ಹಣ್ಣು ಕೊಟ್ಟರೂ, ಆಡಿನ ಹಾಲು ಕೊಟ್ಟರೂ ಎಂಟನೇ ದಿನ ಕೀರ್ತಿ ಅದಕ್ಕೇ ಸಲ್ಲುತ್ತದೆ. ಪಪ್ಪಾಯಿ ಎಲೆಯಿಂದ ಎಣಿಕೆ ಸ್ವಲ್ಪ ಬೇಗ ಏರಿತೆಂದು ಹೇಳುವ ಸಣ್ಣ ಪ್ರಯೋಗಗಳಿವೆ. ಅದರಿಂದ ರಕ್ತಸ್ರಾವವೋ ಸಾವೋ ಕಡಿಮೆಯಾಗುತ್ತದೆಂದು ಅವು ತೋರಿಸಿಲ್ಲ. ವಾಂತಿ ಮಾಡುತ್ತಿರುವ ರೋಗಿಗೆ ಆ ಕಹಿ ರಸ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದಂತೂ ಬೇಡವೇ ಬೇಡ.

ಡೆಂಗಿಯಲ್ಲಿ ಹೆಚ್ಚಿನ ಸಾವು ಪ್ಲೇಟ್‌ಲೆಟ್ ಇಳಿದದ್ದಕ್ಕೇ ಆಗುವುದಿಲ್ಲ. ರಕ್ತನಾಳದ ಗೋಡೆ ಸೋರಿ ಪ್ಲಾಸ್ಮಾ ಹೊಟ್ಟೆಗೂ ಎದೆಗೂ ಇಳಿಯುತ್ತದೆ, ರಕ್ತದೊತ್ತಡ ಬೀಳುತ್ತದೆ, ಅಂಗಾಂಗಗಳಿಗೆ ರಕ್ತ ಸಾಲದಾಗುತ್ತದೆ. ದೊಡ್ಡ ರಕ್ತಸ್ರಾವವೂ ಬಹುಮಟ್ಟಿಗೆ ಈ ಆಘಾತದ (ಶಾಕ್) ಬೆನ್ನಿಗೇ ಬರುತ್ತದೆ. ಸೋರಿಕೆ ಶುರುವಾಗುವುದು ಜ್ವರ ಬಿಟ್ಟ ಹೊತ್ತಿನಲ್ಲಿ, ಮನೆಯವರು ‘ಸದ್ಯ, ಜ್ವರ ಇಳಿಯಿತು’ ಎಂದು ನಿಟ್ಟುಸಿರು ಬಿಡುವಾಗ. ಅದು 24ರಿಂದ 48 ಗಂಟೆ ನಡೆಯುತ್ತದೆ. ಅದನ್ನು ಹಿಡಿಯುವ ಅಂಕಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ರಕ್ತಕಣಗಳ ಶೇಕಡಾ ಪಾಲು. ಅದೇ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್‌ಗಿಂತ ಕೆಲವು ಸಾಲು ಮೇಲೆ ಪಿಸಿವಿ ಅಥವಾ ಎಚ್‌ಸಿಟಿ ಎಂದು ಇರುತ್ತದೆ, ಯಾರೂ ನೋಡುವುದಿಲ್ಲ. ನೀರಿನಂಶ ಸೋರಿದಾಗ ಉಳಿದ ರಕ್ತ ಗಟ್ಟಿಯಾಗುವುದರಿಂದ ಈ ಅಂಕಿ ಏರುತ್ತದೆ. 36 ಇದ್ದದ್ದು 43 ದಾಟಿದರೆ ಶೇ 20ರ ಏರಿಕೆ, ಅಪಾಯ. ಬಿಪಿಯಲ್ಲಿ ಮೇಲಿನ ಅಂಕಿಯೊಂದನ್ನೇ ನೋಡಬಾರದು. 100/80 ಎಂದರೆ ಮೇಲಿನದು ಪರವಾಗಿಲ್ಲ ಎನಿಸುತ್ತದೆ, ಆದರೆ ಎರಡರ ನಡುವೆ ಉಳಿದಿರುವ ಅಂತರ 20 ಮಾತ್ರ. ಅದು ಆಘಾತದ ಬಾಗಿಲು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡು ಅಥವಾ ಮೂಗಿನ ರಕ್ತ, ಕಪ್ಪು ಮಲ, ಮಂಕು ಅಥವಾ ಚಡಪಡಿಕೆ, ತಣ್ಣಗಾದ ಕೈಕಾಲು, ಆರು ಗಂಟೆಯಿಂದ ಮೂತ್ರ ಹೋಗದಿರುವುದು, ಇವುಗಳಲ್ಲಿ ಒಂದಿದ್ದರೂ ಪ್ಲೇಟ್‌ಲೆಟ್ 90 ಸಾವಿರವಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಇವು ಯಾವುವೂ ಇಲ್ಲದೆ ಉಂಡು ಕುಡಿದು ಓಡಾಡುವವರ ಎಣಿಕೆ 25 ಸಾವಿರವಿದ್ದರೆ, ವೈದ್ಯರ ಕಣ್ಣಳತೆಯಲ್ಲಿಟ್ಟು ನೋಡಿಕೊಂಡರೆ ಸಾಕಾಗುವುದೇ ಹೆಚ್ಚು.

ಹಾಗಾದರೆ ಪ್ಲೇಟ್‌ಲೆಟ್ ಹಾಕಿಸುವುದು? 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸಿಂಗಪುರ ಮತ್ತು ಮಲೇಷ್ಯಾದ ಒಂದು ಅಧ್ಯಯನ ಬಂತು. ಎಣಿಕೆ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದ, ಆದರೆ ಗಂಭೀರ ರಕ್ತಸ್ರಾವ ಇಲ್ಲದ 372 ವಯಸ್ಕ ಡೆಂಗಿ ರೋಗಿಗಳಲ್ಲಿ ಅರ್ಧ ಮಂದಿಗೆ ಪ್ಲೇಟ್‌ಲೆಟ್ ಕೊಟ್ಟರು, ಇನ್ನರ್ಧಕ್ಕೆ ಕೊಡಲಿಲ್ಲ. ಪಡೆದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡ ಪರಿಣಾಮ ಮಾತ್ರ ಹೆಚ್ಚಾಯಿತು. ಕಾರಣ ಕಷ್ಟದ್ದಲ್ಲ: ಹೊಸದಾಗಿ ಹಾಕಿದವನ್ನೂ ಅದೇ ವೈರಸ್, ಅದೇ ಪ್ರತಿಕಾಯಗಳು ಕೆಲವೇ ಗಂಟೆಗಳಲ್ಲಿ ತೀರಿಸುತ್ತವೆ. ಸೋರುವ ಗೋಡೆ ಸೋರುತ್ತಲೇ ಇರುತ್ತದೆ. ರಕ್ತ ಸುರಿಯುತ್ತಿದ್ದರೆ ಕೊಡಬೇಕು. ಸುರಿಯದಿದ್ದರೆ, ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ 10 ಸಾವಿರಕ್ಕಿಂತ ಕೆಳಗಿಳಿದಾಗ ಯೋಚಿಸಬೇಕು.

ಕೊಡುವುದೇ ಆದರೆ ಪೊಟ್ಟಣದ ಬಗ್ಗೆ ಕೆಲವು ಮಾತು. ಒಬ್ಬ ದಾನಿಯ ಒಂದು ಯೂನಿಟ್ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ 50ರಿಂದ 70 ಮಿಲಿ ಇರುತ್ತದೆ, ದೊಡ್ಡವರಲ್ಲಿ ಎಣಿಕೆಯನ್ನು 5ರಿಂದ 10 ಸಾವಿರ ಏರಿಸುತ್ತದೆ. ಯಂತ್ರಕ್ಕೆ ಜೋಡಿಸಿ ಒಬ್ಬರಿಂದಲೇ ತೆಗೆದ ಎಸ್‌ಡಿಪಿ 200ರಿಂದ 300 ಮಿಲಿ, ಏರಿಕೆ 30ರಿಂದ 60 ಸಾವಿರ. ದಾನಿ ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು. ಡೆಂಗಿ ರೋಗಿಯಲ್ಲಿ ಈ ಏರಿಕೆ ಅಷ್ಟಾಗಿ ಕಾಣದಿದ್ದರೆ ಅದು ರಕ್ತನಿಧಿಯ ಮೋಸವಲ್ಲ, ಮೇಲೆ ಹೇಳಿದ ನಾಶವೇ ಕಾರಣ.

ಕೆಂಪು ರಕ್ತಕಣದ ಪೊಟ್ಟಣ ಫ್ರಿಜ್‌ನಲ್ಲಿ ಇರಬೇಕು. ಪ್ಲೇಟ್‌ಲೆಟ್ ಪೊಟ್ಟಣ ಫ್ರಿಜ್‌ಗೆ ಹೋಗಬಾರದು. 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲಂತೆ ಸದಾ ತೂಗುವ ಯಂತ್ರದ ಮೇಲೆ ಅದು ಐದೇ ದಿನ ಬಾಳುತ್ತದೆ. ತೂಗುವುದು ಉಸಿರಾಟಕ್ಕೆ: ಪೊಟ್ಟಣದ ಪ್ಲಾಸ್ಟಿಕ್ ಮೂಲಕ ಆಮ್ಲಜನಕ ಒಳಬರಬೇಕು, ಇಲ್ಲದಿದ್ದರೆ ಆಮ್ಲ ಹೆಚ್ಚಿ ಪ್ಲೇಟ್‌ಲೆಟ್ ಸಾಯುತ್ತದೆ. ಬೇರೆ ಊರಿನ ರಕ್ತನಿಧಿಯಿಂದ ಬೈಕಿನಲ್ಲಿ ತರುವವರು ಒಳ್ಳೆಯದಾಗಲೆಂದೇ ಐಸ್ ಡಬ್ಬಿಯಲ್ಲಿ ಇಟ್ಟು ತರುತ್ತಾರೆ. ತಂಪಿಗೆ ಬಿಲ್ಲೆಗಳು ಮುಳ್ಳುಂಡೆಯಾಗುತ್ತವೆ, ‘ಜಿಪಿ 1ಬಿ’ ಕೊಂಡಿಗಳು ಒತ್ತೊತ್ತಾಗಿ ಗುಂಪುಗೂಡುತ್ತವೆ. ರೋಗಿಯ ದೇಹ ಸೇರಿದ ಕೂಡಲೇ ಯಕೃತ್ತು ಅವುಗಳನ್ನು ಗುರುತಿಸಿ ನುಂಗಿಹಾಕುತ್ತದೆ, ಎಣಿಕೆ ಏರಿದರೂ ಉಳಿಯುವುದಿಲ್ಲ. ಪೊಟ್ಟಣ ಜೀವಂತವಾಗಿದೆಯೇ ಎಂದು ನೋಡಲು ಯಂತ್ರ ಬೇಡ. ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಣಹುಲ್ಲಿನ ಬಣ್ಣದ ದ್ರವದೊಳಗೆ ರೇಷ್ಮೆ ಸೀರೆಯನ್ನು ಬಿಸಿಲಿಗೆ ತಿರುಗಿಸಿದಾಗಿನ ಮಿರುಗು ಸುಳಿಸುಳಿಯಾಗಿ ಓಡಿದರೆ ಬಿಲ್ಲೆಗಳು ಬಿಲ್ಲೆಗಳಾಗಿಯೇ ಇವೆ. ಮಿರುಗು ಇಲ್ಲದೆ ಮಸುಕು ಮಸುಕಾಗಿ ನಿಂತಿದ್ದರೆ ಅವು ಗುಂಡಗಾಗಿವೆ, ವಾಪಸು ಕೊಡಿ. ವಾರ್ಡಿಗೆ ಬಂದ ಪೊಟ್ಟಣ ಮೇಜಿನ ಮೇಲೆ ಕಾಯಬಾರದು. ಬೆಚ್ಚಗಿನ ವಾತಾವರಣದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದೂ ಬೆಳೆಯುತ್ತದೆ.

ಸಂಖ್ಯೆ ಸರಿ ಇದ್ದೂ ಪ್ಲೇಟ್‌ಲೆಟ್‌ನ ಬಾಯಿ ಕಟ್ಟುವ ಕೆಲಸವನ್ನು, ಹೃದಯದ ರಕ್ತನಾಳದಲ್ಲಿ ಗರಣೆ ಕಟ್ಟದಿರಲೆಂದು, ನಾವೇ ಔಷಧದಿಂದ ಮಾಡುತ್ತೇವೆ. 75 ಮಿಲಿಗ್ರಾಂ ಆಸ್ಪಿರಿನ್ ಕಾಕ್ಸ್-1 ಕಿಣ್ವಕ್ಕೆ ಬಿಚ್ಚಲಾಗದಂತೆ ಬೀಗ ಹಾಕುತ್ತದೆ. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಹೊಸ ಕಿಣ್ವ ಮಾಡಿಕೊಳ್ಳಲಾರದು, ತನ್ನ ಏಳರಿಂದ ಹತ್ತು ದಿನದ ಆಯುಸ್ಸು ಮುಗಿಯುವ ತನಕ ಥ್ರಾಂಬಾಕ್ಸೇನ್ ಕೂಗು ಹಾಕಲಾರದು. ರಕ್ತನಾಳದ ಒಳಪದರಕ್ಕೆ ಕೋಶಕೇಂದ್ರವಿದೆ, ಅದು ಕೆಲವು ಗಂಟೆಗಳಲ್ಲಿ ಚೇತರಿಸಿಕೊಂಡು ‘ಸುಮ್ಮನಿರಿ’ ಎನ್ನುವುದನ್ನು ಮುಂದುವರಿಸುತ್ತದೆ. ಸಣ್ಣ ಗುಳಿಗೆ ಸಾಕಾಗುವ ಗುಟ್ಟು ಇದು. ಕ್ಲೋಪಿಡೋಗ್ರೆಲ್ ಎಡಿಪಿಯ ‘ಪಿ2ವೈ12’ ಕಿವಿಯನ್ನು ಮುಚ್ಚುತ್ತದೆ. ಆದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಮೊದಲು ಚುರುಕುಗೊಳಿಸಬೇಕು, ಒಮೆಪ್ರಜೋಲ್ ಆ ಕಿಣ್ವಕ್ಕೆ ಅಡ್ಡಿ. ಗ್ಯಾಸ್ಟ್ರಿಕ್‌ಗೆಂದು ಜೊತೆಗೆ ಗುಳಿಗೆ ಬೇಕಿದ್ದವರು ಪ್ಯಾಂಟೊಪ್ರಜೋಲ್ ಆಗಬಹುದೇ ಎಂದು ವೈದ್ಯರನ್ನು ಕೇಳಬೇಕು. ಮಂಡಿನೋವಿಗೆ ಐಬುಪ್ರೊಫೆನ್ ನುಂಗುವವರು ಅದನ್ನು ಮೊದಲು ತೆಗೆದುಕೊಂಡರೆ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಅದು ಕುಳಿತುಬಿಡುತ್ತದೆ. ಆಸ್ಪಿರಿನ್ ಮೊದಲು, ಅರ್ಧ ಗಂಟೆಯಾದರೂ ಬಿಟ್ಟು ಐಬುಪ್ರೊಫೆನ್. ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸಲೆಂದು ತಾವಾಗಿಯೇ ಈ ಗುಳಿಗೆಗಳನ್ನು ನಿಲ್ಲಿಸಬಾರದು. ಹಲ್ಲಿನ ಗುಣಿಯ ರಕ್ತವನ್ನು ಹತ್ತಿ ಬಟ್ಟೆ ಕಚ್ಚಿ ನಿಲ್ಲಿಸಬಹುದು, ಸ್ಟೆಂಟಿನೊಳಗೆ ಕಟ್ಟಿದ ಗರಣೆ ಹಾಗೆ ಬಗ್ಗುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೃದಯಾಘಾತಕ್ಕೆ ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕರಗಿಸುವುದು ಫೈಬ್ರಿನ್ ಬಲೆಯನ್ನು. ಪ್ಲೇಟ್‌ಲೆಟ್‌ಗಳ ಕೈಹಿಡಿತ ಅದಕ್ಕೆ ಬಿಡುವುದಿಲ್ಲ. ಕರಗುವ ಗರಣೆಯಿಂದ ಬಿಡುಗಡೆಯಾದ ಥ್ರಾಂಬಿನ್ ಅವುಗಳನ್ನು ಮತ್ತೆ ಕೆರಳಿಸುವುದೂ ಉಂಟು. ಅದಕ್ಕೇ ಜೊತೆಯಲ್ಲಿ 300 ಮಿಲಿಗ್ರಾಂ ಆಸ್ಪಿರಿನ್ ಜಗಿಸಿ, ಕ್ಲೋಪಿಡೋಗ್ರೆಲ್ ಕೊಡುವುದು. ಹಾಗೆಂದು ಯಾವ ಹೃದ್ರೋಗವೂ ಇಲ್ಲದವರು ಹಠಾತ್ ಸಾವಿನ ಸುದ್ದಿ ಓದಿ ಹೆದರಿ ದಿನಾ ಆಸ್ಪಿರಿನ್ ನುಂಗುವುದಕ್ಕೆ ಆಧಾರವಿಲ್ಲ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,114 ಆರೋಗ್ಯವಂತ ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಆಸ್ಪ್ರೀ ಪ್ರಯೋಗದಲ್ಲಿ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಹೃದ್ರೋಗವನ್ನು ಗಮನಾರ್ಹವಾಗಿ ತಗ್ಗಿಸಲಿಲ್ಲ, ದೊಡ್ಡ ರಕ್ತಸ್ರಾವವನ್ನು ಹೆಚ್ಚಿಸಿತು.

ಇದೇ ಕಾರಣಕ್ಕೆ ಡೆಂಗಿ ಶಂಕೆಯಿರುವ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡದು. ಇರುವ ಕೆಲವೇ ಪ್ಲೇಟ್‌ಲೆಟ್‌ಗಳ ಬಾಯನ್ನೂ ಅವು ಕಟ್ಟುತ್ತವೆ. ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ’ ಎಂದು ಕೇಳಿ ಸೊಂಟಕ್ಕೆ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡರೆ ತೊಂದರೆ ಎರಡು: ಔಷಧದ್ದೊಂದು, ಸ್ನಾಯುವಿನೊಳಗೆ ರಕ್ತ ಕಟ್ಟಿಸುವ ಸೂಜಿಯದ್ದೊಂದು. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ ಪ್ಯಾರಸಿಟಮಾಲ್, ಆರು ಗಂಟೆಗೊಮ್ಮೆ, ಸಾಕು. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಜ್ವರಕ್ಕೂ ಇದೇ ಎಚ್ಚರಿಕೆ, ಅದರಲ್ಲೂ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗುವುದುಂಟು.

ನಿಮ್ಮ ಜಿಲ್ಲಾ ವರದಿಗಾರರಲ್ಲಿ ಒಂದು ಕೋರಿಕೆ. ಡೆಂಗಿ ಸಾವಿನ ಸುದ್ದಿ ಬರೆಯುವಾಗ ರೋಗಿ ಜ್ವರದ ಎಷ್ಟನೇ ದಿನ ಆಸ್ಪತ್ರೆಗೆ ಬಂದರು, ಆಗ ಬಿಪಿ ಎಷ್ಟಿತ್ತು, ಹೆಮಟೋಕ್ರಿಟ್ ಎಷ್ಟಿತ್ತು ಎಂದು ವೈದ್ಯರನ್ನು ಕೇಳಿ ಹಾಕಿ. ಪ್ಲೇಟ್‌ಲೆಟ್ ಸಂಖ್ಯೆಯನ್ನೂ ಹಾಕಿ, ಬೇಡವೆನ್ನುವುದಿಲ್ಲ, ಆದರೆ ತಲೆಬರಹದಲ್ಲಿ ಬೇಡ. ಅದಕ್ಕೆ ಕನ್ನಡದಲ್ಲಿ ‘ಕಿರುತಟ್ಟೆ’ ಎಂಬ ಶಬ್ದವಿದೆ. ಆಸ್ಪತ್ರೆಯಲ್ಲಿ ಯಾರೂ ಹಾಗೆನ್ನುವುದಿಲ್ಲವಾದ್ದರಿಂದ ‘ಪ್ಲೇಟ್‌ಲೆಟ್’ ಎಂದೇ ಬರೆದರೂ ಸರಿ. ‘ಬಿಳಿ ರಕ್ತಕಣ’ ಎಂದು ಮಾತ್ರ ಬರೆಯಬೇಡಿ.

ಇತಿ,
ರಕ್ತನಿಧಿಯೊಂದರ ಪೆಥಾಲಜಿ ವೈದ್ಯರು ಮತ್ತು ಲ್ಯಾಬ್ ತಂತ್ರಜ್ಞರು
ಶಿವಮೊಗ್ಗ